ವೀಲ್ಮಕ್ಕನ ಒದ್ದೆ ಬೂಟು

ಬೂಟು ಹಾಕಿಕೊಂಡು ಈಜುವುದನ್ನು ನನಗೆ ಕಲಿಸಿದವರು ವೀಲ್ಮಕ್ಕ. ನಮ್ಮೂರು ಡಚ್ಚರ ನಾಡಿನಲ್ಲಿ, ಕಡಲಿಗಿಂತ ಕೆಳಗಿರುವ ಊರು. ಕಡಲನ್ನು ತಡೆದಿರುವ ಒಡ್ಡಿನ ಮೇಲೆ ನಿಂತರೆ ಒಂದು ಕಡೆ ಅಲೆಗಳು ಹೆಚ್ಚುಕಡಿಮೆ ಕಾಲಿಗೆ ತಾಗುವಷ್ಟು ಮೇಲೆ, ಇನ್ನೊಂದು ಕಡೆ ನಮ್ಮ ಮನೆಗಳ ಹೊಗೆಗೂಡುಗಳು ಎಷ್ಟೋ ಕೆಳಗೆ. ಇಂಥ ಕಡೆ ನೀರಿಗೆ ಬೀಳುವ ಮಕ್ಕಳು ಈಜುಡುಗೆ ಹಾಕಿಕೊಂಡು ಬೀಳುವುದಿಲ್ಲವಲ್ಲ. ಅದಕ್ಕೇ ಶಾಲೆಗೆ ಹೋಗುವ ಪ್ರತಿ ಮಗುವೂ ಸ್ವೆಟರು, ಪ್ಯಾಂಟು, ಬೂಟು ಸಮೇತ ನಗರಸಭೆಯ ಈಜುಕೊಳಕ್ಕೆ ಹಾರಿ ಆಚೆ ದಡ ಮುಟ್ಟಿ ತೋರಿಸಬೇಕು. ಕೊಳದ ಅಂಚಿನಲ್ಲಿ ಉದ್ದನೆಯ ಕೋಲು ಹಿಡಿದು ವೀಲ್ಮಕ್ಕ ನಿಂತಿರುತ್ತಿದ್ದರು. ಅವರ ಮೊದಲ ಪಾಠ ಈಜಿನದಲ್ಲ. "ಮುಳುಗ್ತಿದೀನಿ ಅನ್ಸಿದ್ರೆ ಮೊದಲು ಕೈ ಎತ್ತಬೇಕು. ನಾಚ್ಕೊಂಡು ಸುಮ್ನಿರಬಾರದು, ಗೊತ್ತಾಯ್ತಾ?" ಎನ್ನುತ್ತಿದ್ದರು. ನನ್ನ ಬೂಟಿಗೆ ನೀರು ತುಂಬಿ ಕಾಲು ಕಲ್ಲಿನಂತಾದಾಗ ನಾನು ಕೈ ಎತ್ತಿದೆ. ಅವರು ಕೋಲಿನ ತುದಿಯ ಕೊಕ್ಕೆಯಿಂದ ನನ್ನ ಕಾಲರು ಹಿಡಿದು ದಡಕ್ಕೆ ಎಳೆದುಕೊಂಡರು. ಬೈಗುಳಕ್ಕೆ ಕಾದಿದ್ದೆ. "ಭೇಷ್, ಸರಿಯಾದ ಹೊತ್ತಿಗೆ ಎತ್ತಿದೆ," ಎಂದು ಬೆನ್ನು ತಟ್ಟಿದರು.

ನನ್ನ ಮಗಳು ಮೈಕೆ ಅಂಬೆಗಾಲಿಡುತ್ತಿದ್ದ ವರ್ಷ ವೀಲ್ಮಕ್ಕ ನಮ್ಮ ವಾರ್ಡಿನಿಂದ ನಗರಸಭೆಗೆ ನಿಂತು ಗೆದ್ದರು. ನಮ್ಮೂರಿನಲ್ಲಿ ಗೆದ್ದವರ ಬೂಟಿಗೆ ನೀರು ಬರುತ್ತದೆ. ವಾರ್ಡಿನ ಯಾವ ಮನೆಯೊಳಗೆ ನೀರು ನುಗ್ಗಿದರೂ ಅದೇ ಗಳಿಗೆಗೆ ಅದೇ ನೀರು ಆ ವಾರ್ಡಿನ ಸದಸ್ಯರ ಬೂಟಿನೊಳಗೂ ತುಂಬುತ್ತದೆ. ಚರಂಡಿಯದಾದರೆ ಚರಂಡಿಯ ನೀರೇ, ಬಟ್ಟೆ ಒಗೆದದ್ದಾದರೆ ನೊರೆ ಸಮೇತ. ನಗರಸಭೆಯ ಸಭಾಂಗಣದ ನೆಲ ಒಂದು ಮೂಲೆಗೆ ಇಳಿಜಾರಾಗಿದೆ, ಆ ಮೂಲೆಯಲ್ಲಿ ನೀರು ಹೋಗಲು ಕಂಡಿಯಿದೆ. ಸದಸ್ಯರ ಭತ್ಯೆಯಲ್ಲಿ ಕಾಲುಚೀಲಕ್ಕೆಂದೇ ಒಂದು ಪಾಲು ಇದೆ. ಮಗಳು ಯಾರೋ ಸದಸ್ಯನನ್ನು ಮೆಚ್ಚಿದ್ದಾಳೆಂದು ತಿಳಿದರೆ ತಾಯಂದಿರು ನಿಟ್ಟುಸಿರು ಬಿಡುತ್ತಾರೆ: ಇನ್ನು ಆ ಮನೆಯಲ್ಲಿ ವರ್ಷವಿಡೀ ನೆಗಡಿ.

ವೀಲ್ಮಕ್ಕನಿಗಿಂತ ಮುಂಚೆ ಇದ್ದ ಸದಸ್ಯರು ಮೊಣಕಾಲಿನವರೆಗಿನ ರಬ್ಬರ್ ಬೂಟು ಹಾಕಿ, ಒಳಗೆ ಸ್ಪಂಜು ತುರುಕಿಕೊಂಡು ಬರುತ್ತಿದ್ದರು. ನೀರು ತುಂಬಿದರೆ ಕಿಟಕಿಯಾಚೆ ಸುರಿದು ಬಂದು ಚರ್ಚೆ ಮುಂದುವರಿಸುತ್ತಿದ್ದರು. ಅವರು ಕೆಟ್ಟವರೇನಲ್ಲ, ಹಾಗೆ ಮಾಡುವುದು ರೂಢಿಯಾಗಿತ್ತು ಅಷ್ಟೆ. ವೀಲ್ಮಕ್ಕ ಮಾತ್ರ ಸಾಧಾರಣ ಕಂದು ಚರ್ಮದ ಬೂಟು ಹಾಕಿದರು.

ಒಂದು ಬೆಳಿಗ್ಗೆ ನಮ್ಮ ಅಡುಗೆಮನೆಯ ಹಾಸುಗಲ್ಲಿನ ಸಂದಿಯಿಂದ ನೀರು ಜಿನುಗಲು ಶುರುವಾಯಿತು. ಮೈಕೆಯ ಅಪ್ಪ ಹಡಗಿನ ಕೆಲಸಕ್ಕೆಂದು ಹೋದವರು ದೂರದ ಇನ್ನೊಂದು ಬಂದರಿನಲ್ಲಿ ಇನ್ನೊಂದು ಸಂಸಾರ ಹೂಡಿಕೊಂಡಿದ್ದರು. ನಾನು ಮೀನು ಸೀಳುವ ಶೆಡ್ಡಿಗೆ ಹೊರಡಬೇಕು, ಮಗುವನ್ನು ಪಕ್ಕದ ಮನೆಗೆ ಬಿಡಬೇಕು, ನೆಲದಲ್ಲಿ ನೀರು. ಒರೆಸುವ ಬಟ್ಟೆ ಹಿಂಡುತ್ತಾ ಅಳು ಬರುವಂತಾಗಿತ್ತು. ಆಗ ಬಾಗಿಲು ಬಡಿದ ಸದ್ದು. ತೆರೆದರೆ ವೀಲ್ಮಕ್ಕ. ಒಂದು ಕಾಲಲ್ಲಿ ಬೂಟು, ಇನ್ನೊಂದರಲ್ಲಿ ಬರೀ ಕಾಲುಚೀಲ. ಕೈಯಲ್ಲಿ ಇನ್ನೊಂದು ಬೂಟನ್ನು ತುಂಬಿದ ಕಾಫಿ ಬಟ್ಟಲಿನಂತೆ ಅಲುಗಿಸದೆ ಹಿಡಿದುಕೊಂಡಿದ್ದರು.

"ಸಾಸ್ಕಿಯಾ, ಇದು ನಿಮ್ಮನೇದಾ ನೋಡು."

ನಾನು ಬಗ್ಗಿ ನೋಡಿದೆ. ಬೂಟಿನ ನೀರಿನಲ್ಲಿ ಬಿಸ್ಕತ್ತಿನ ಚೂರೊಂದು ತೇಲುತ್ತಿತ್ತು. ಮೈಕೆ ಕಚ್ಚಿ ಉಗಿದದ್ದು.

"ಇದನ್ನ ನೋಡಿ ಚಿಕ್ಕ ಮಗು ಇರೋ ಮನೆ ಅಂದ್ಕೊಂಡೆ," ಎಂದರು ವೀಲ್ಮಕ್ಕ. "ಇಬ್ಬರು ಬಾಣಂತಿಯರ ಮನೆ ಬಾಗಿಲು ಬಡಿದು ಬೈಸ್ಕೊಂಡು ಬಂದಿದೀನಿ. ಎಲ್ಲಿ, ಬಿರುಕು ತೋರ್ಸು."

ಅವರು ನೆಲದ ಮೇಲೆ ಕೂತು ಸಂದಿಗಳಿಗೆ ಬೆರಳಾಡಿಸಿದರು. ಮಧ್ಯಾಹ್ನದೊಳಗೆ ಗಾರೆಯವನು ಬಂದ. ನಾನು ಕಾಫಿ ಮಾಡಿ ಬಿಸ್ಕತ್ತಿನ ಡಬ್ಬಿ ತೆರೆದು ಮುಂದೆ ಹಿಡಿದೆ. ಅವರು ಒಂದು ತೆಗೆದುಕೊಂಡರು, ನಾನು ಮುಚ್ಚಳ ಹಾಕಿದೆ. ನಮ್ಮೂರಲ್ಲಿ ಬಂದವರಿಗೆ ಕಾಫಿ ಜೊತೆ ಒಂದೇ ಬಿಸ್ಕತ್ತು. ಇದನ್ನು ಹೊರಗಿನವರು ಜಿಪುಣತನ ಎನ್ನುತ್ತಾರೆ, ನಮಗದು ಮರ್ಯಾದೆ. ಎರಡನೆಯ ಬಿಸ್ಕತ್ತು ಮನೆಯವರಿಗೆ ಮಾತ್ರ. ಹೊರಡುವಾಗ ನಾನು ಉಪಕಾರವಾಯಿತು ಎನ್ನಲು ಬಾಯಿ ತೆರೆದೆ. "ನನ್ನ ಕಾಲು ಒದ್ದೆ ಆಯ್ತು, ಅದಕ್ಕೆ ಬಂದೆ. ನಿನಗೋಸ್ಕರ ಅಲ್ಲ ಕಣೆ," ಎಂದು ಬೂಟು ಕೊಡವಿಕೊಂಡು ನಡೆದರು.

ಇಷ್ಟೇ ಅವರ ಕೆಲಸದ ರೀತಿ. ಬೂಟು ತುಂಬಿದರೆ ಬಿಚ್ಚಿ ಕೈಯಲ್ಲಿ ಹಿಡಿದು, ನೀರಿನ ಒಡೆಯರನ್ನು ಹುಡುಕಿಕೊಂಡು ಬೀದಿ ಬೀದಿ ತಿರುಗುವುದು. ಮುಂದಿನ ಚುನಾವಣೆಯ ಹೊತ್ತಿಗೆ ಇಡೀ ಊರು ಅವರ ಹೆಸರು ಹೇಳುತ್ತಿತ್ತು. ಅವರಿಗೆ ನಗರಸಭೆಯ ಆಡಳಿತ ಸಮಿತಿಯಲ್ಲಿ ನೀರು ಮತ್ತು ರಸ್ತೆಯ ಉಸ್ತುವಾರಿ ಕೊಟ್ಟರು. ಅಲ್ಲಿಂದ ಇಡೀ ಊರಿನ ನೀರು ಅವರ ಪಾಲಿಗೆ ಬಂತು. ಸೈಕಲ್ಲಿನ ಹ್ಯಾಂಡಲಿಗೆ ಬದಲಿ ಬೂಟುಗಳ ಜೊತೆಯೊಂದು ಸದಾ ನೇತಾಡುತ್ತಿತ್ತು.

ನಮ್ಮದು ತಗ್ಗುಬೀದಿ. ಊರಿನ ಅತಿ ಕೆಳಗಿನ ಜಾಗ. ಅದರಲ್ಲೂ ಅತಿ ಕೆಳಗಿನ ಮನೆ ದೋಣಿ ಮಾಡುವ ಬಡಗಿ ವೀಬೆ ಮಾಮನದು. ವೀಬೆ ಮಾಮ ತನ್ನ ಬಾಗಿಲಲ್ಲಿ ಕೂತು ವೀಲ್ಮಕ್ಕನನ್ನು ಕೆಣಕದೆ ಬಿಟ್ಟ ದಿನವಿಲ್ಲ.

"ಏನಮ್ಮಾ ಉಸ್ತುವಾರಿ, ಇವತ್ತು ಯಾರ ಮನೆ ಮುಸುರೆ ನಿನ್ನ ಬೂಟಲ್ಲಿ?"

"ನಿಮ್ಮನೇದಂತೂ ಅಲ್ಲ ಮಾಮ. ಇದರಲ್ಲಿ ಸೋಪಿನ ವಾಸನೆ ಇದೆ."

ಬೀದಿಯೆಲ್ಲ ನಕ್ಕಿತ್ತು. ಆದರೆ ಅದು ನಿಜವೂ ಹೌದು. ವೀಬೆ ಮಾಮನ ಮನೆಯ ನೀರು ಒಮ್ಮೆಯೂ ಯಾರ ಬೂಟಿಗೂ ಬಂದಿರಲಿಲ್ಲ. ಅವನು ದೋಣಿಯ ಹಲಗೆಗಳಿಂದ ಮೊಣಕಾಲೆತ್ತರಕ್ಕೆ ನೆಲ ಎತ್ತರಿಸಿಕೊಂಡಿದ್ದ. ಕೆಳಗೆ ನೀರು ಬಂದು ಹೋಗುತ್ತಿತ್ತು, ಮೇಲೆ ಅವನು ಒಣಗಿದ ಕಾಲಲ್ಲಿ ಓಡಾಡುತ್ತಿದ್ದ. ಯಾರೂ ಅದನ್ನು ಹೆಚ್ಚು ಯೋಚಿಸಿರಲಿಲ್ಲ.

ವೀಲ್ಮಕ್ಕ ಸಮಿತಿಯಲ್ಲಿ ಜಗಳವಾಡಿ ತಗ್ಗುಬೀದಿಯ ಕೊನೆಗೆ ಒಂದು ಪಂಪು ಹಾಕಿಸಿದರು. ಅದು ಮೊದಲ ಬಾರಿ ಗುಡುಗುಡು ಎಂದು ನೀರೆಳೆದು ಕಾಲುವೆಗೆ ಚೆಲ್ಲಿದಾಗ ಹೆಂಗಸರು ಕಣ್ಣೊರೆಸಿಕೊಂಡರು. ನಾನೂ ಒರೆಸಿಕೊಂಡೆ. ಕೆಲಸದಿಂದ ಬಂದು ನೆಲ ಒರೆಸದೆ ನೇರ ಮಗಳ ಪಕ್ಕ ಮಲಗಬಹುದಾದ ದಿನಗಳು ಬಂದವು. ಆ ನಿದ್ದೆಯ ಋಣ ಎಷ್ಟೆಂದು ಕೆಲಸ ಮಾಡಿ ಮಗು ಸಾಕಿದವರಿಗೆ ಮಾತ್ರ ಗೊತ್ತು.

ಮೈಕೆ ಶಾಲೆಗೆ ಸೇರಿದ ಮೇಲೆ ಸುದ್ದಿ ಬಂತು: ವೀಲ್ಮಕ್ಕನನ್ನು ಪಕ್ಷದವರು ದೇಶದ ಸಂಸತ್ತಿಗೆ ನಿಲ್ಲಿಸುತ್ತಾರೆ. ನಮಗೆ ಹಿಗ್ಗು, ಜೊತೆಗೆ ಆತಂಕ. ನಮ್ಮೂರಿನಿಂದ ಹಿಂದೆ ಒಬ್ಬರೇ ಸಂಸತ್ತಿಗೆ ಹೋಗಿದ್ದರು. ಹೊರಗಿನವರಿಗೆ ನಮ್ಮೂರಿನ ರೀತಿ ಗೊತ್ತಿಲ್ಲ. ಅದೇನೋ ಕಾಲಿನ ಕಾಯಿಲೆ ಅಂದುಕೊಂಡು ಅವರನ್ನು ಹಿಂದಿನ ಸಾಲಿಗೆ, ಜಮಖಾನೆ ಹಾಸದ ಜಾಗಕ್ಕೆ ತಳ್ಳಿದ್ದರು. ಮೈಕಿನ ಮುಂದೆ ನಡೆದು ಬಂದರೆ ಬೂಟು 'ಚೊಳಕ್ ಚೊಳಕ್' ಎನ್ನುವುದು ಕೇಳಿ ಎಲ್ಲರೂ ನಗುತ್ತಿದ್ದರಂತೆ. ಅವರ ಮಾತನ್ನು ಯಾರೂ ಕೇಳಲಿಲ್ಲ.

ತಗ್ಗುಬೀದಿಯವರೆಲ್ಲ ವೀಬೆ ಮಾಮನ ಕಾರ್ಖಾನೆಯಲ್ಲಿ ಸೇರಿದೆವು. ಆ ಹೊತ್ತಿಗೆ ಪಂಪಿಗೂ ವಯಸ್ಸಾಗಿತ್ತು. ಕಡಲಿನ ಉಬ್ಬರದ ದಿನಗಳಲ್ಲಿ ಮತ್ತೆ ಅಲ್ಲಲ್ಲಿ ನೀರು ಕಾಣಿಸತೊಡಗಿತ್ತು.

"ನಮ್ಮ ವೀಲ್ಮಾನ್ನ ಅಲ್ಲಿ ಯಾರೂ ಚೊಳಕ್ ಅಂತ ಆಡ್ಕೋಬಾರದು," ಎಂದ ವೀಬೆ ಮಾಮ. "ನಮ್ಮ ನೀರು ಅವಳ ಕಾಲಿಗೆ ತಾಗಬಾರದು. ನನ್ನ ಮನೆ ನೋಡಿದೀರಲ್ಲ? ಹಲಗೆ ಕೆಳಗಿನ ನೀರು ಮನೆಯೊಳಗಿನ ನೀರಲ್ಲ. ಎಲ್ಲರ ಮನೆಗೂ ನಾನು ಹಲಗೆ ಹೊಡ್ಕೊಡ್ತೀನಿ. ಮರ ತನ್ನಿ ಸಾಕು, ಕೂಲಿ ಬೇಡ."

"ಅವರಿಗೆ ಹೇಳೋದು ಬೇಡ್ವಾ?" ಎಂದು ಯಾರೋ ಕೇಳಿದರು.

"ಹೇಳೋಣ. ಮೊದಲು ಅವಳು ಮಂತ್ರಿ ಆಗ್ಲಿ. ನೀರಿನ ಮಂತ್ರಿ ನಮ್ಮವಳೇ ಆದ್ರೆ ಹೊಸ ಒಡ್ಡೂ ನಮಗೇ ತಾನೇ? ಆಗ ಕೂರ್ಸಿ ಎಲ್ಲಾ ಹೇಳೋಣ. ಅಲ್ಲೀವರೆಗೆ ನಾವು ಅವಳಿಗೆ ಏನಾದ್ರೂ ಕೊಡೋದು ಬೇಡ್ವೇನ್ರೋ? ನಮ್ಮ ಹತ್ರ ಕೊಡೋಕೆ ಇನ್ನೇನಿದೆ? ಒಣಗಿದ ಬೂಟು ಕೊಡೋಣ."

ಎಲ್ಲರೂ ಹೂಂ ಎಂದೆವು. ಹಲಗೆ ಹೊಡೆದ ಆ ವಾರಗಳು ಬೀದಿಗೆ ಹಬ್ಬದಂತಿದ್ದವು. ಗಂಡಸರು ಮರ ಹೊತ್ತರು, ನಾವು ಮೊಳೆ ಹಿಡಿದುಕೊಟ್ಟೆವು. ಒಂದು ಮನೆ ಮುಗಿದರೆ ಆ ಮನೆಯವರು ಎಲ್ಲರಿಗೂ ಬಟಾಣಿ ಸೂಪು ಬಡಿಸುತ್ತಿದ್ದರು. ಎಷ್ಟೋ ವರ್ಷದ ಉಪಕಾರಕ್ಕೆ ನಾವೂ ಏನೋ ಮಾಡುತ್ತಿದ್ದೇವೆಂಬ ಸಡಗರ.

ವೀಲ್ಮಕ್ಕ ಗೆದ್ದರು. ಟೀವಿಯಲ್ಲಿ ಅವರು ಸಂಸತ್ತಿನ ಮೆಟ್ಟಿಲು ಹತ್ತುವುದನ್ನು ನೋಡಲು ಬೀದಿಯವರೆಲ್ಲ ಒಂದೇ ಮನೆಯಲ್ಲಿ ಕಿಕ್ಕಿರಿದಿದ್ದೆವು. ಯಾರೂ ಅವರ ಮುಖ ನೋಡಲಿಲ್ಲ. ಕಂದು ಬೂಟು, ಪಾಲಿಷ್ ಹಾಕಿದ್ದು, ಒಣಗಿದ್ದು. ಸದ್ದಿಲ್ಲದೆ ಒಳಗೆ ಹೋದವು. ನಾವು ಚಪ್ಪಾಳೆ ಹೊಡೆದೆವು.

ಹಲಗೆಯ ಮೇಲಿನ ಬದುಕಿಗೆ ನಾವು ಬೇಗ ಒಗ್ಗಿಕೊಂಡೆವು. ಎತ್ತರದವರು ಬಾಗಿಲಲ್ಲಿ ತಲೆ ತಗ್ಗಿಸುವುದನ್ನು ಕಲಿತರು. ದೀಪದ ಬುರುಡೆಗಳನ್ನು ಗೋಡೆಗೆ ಸರಿಸಿದೆವು. ಮೈಕೆ ಹಲಗೆಯ ಸಂದಿಯಿಂದ ಗೋಲಿ ಬಿಟ್ಟು 'ಪುಳಕ್' ಎನ್ನುವುದನ್ನು ಕೇಳಿ ನಗುತ್ತಿದ್ದಳು. ಮೊದಮೊದಲು ಉಬ್ಬರದ ದಿನ ಮಾತ್ರ ಪುಳಕ್ ಎನ್ನುತ್ತಿತ್ತು. ಆಮೇಲೆ ಎಲ್ಲ ದಿನವೂ. ಮಂಚದ ಹಾಸಿಗೆ ಸದಾ ತಣ್ಣಗಿರುತ್ತಿತ್ತು. ಚಳಿಗಾಲದಲ್ಲಿ ಅವಳಿಗೆ ಕೆಮ್ಮು ಹಿಡಿಯಿತು, ಬೇಸಿಗೆ ಬಂದರೂ ಬಿಡಲಿಲ್ಲ.

"ಮನೆಯಲ್ಲಿ ತೇವ ಇದೆಯಾ?" ಎಂದು ಡಾಕ್ಟರು ಕೇಳಿದರು.

"ಇಲ್ಲ ಡಾಕ್ಟ್ರೇ. ವೀಲ್ಮಕ್ಕನ ಬೂಟು ಒಣಗಿದೆಯಲ್ಲ," ಎಂದೆ. ನಮ್ಮೂರಲ್ಲಿ ಅದಕ್ಕಿಂತ ದೊಡ್ಡ ಸಾಕ್ಷಿ ಇಲ್ಲ. ಅವರು ತಲೆಯಾಡಿಸಿ ಔಷಧ ಬರೆದುಕೊಟ್ಟರು.

ಮೈಕೆಯ ಹುಟ್ಟುಹಬ್ಬಕ್ಕೆ ವೀಲ್ಮಕ್ಕ ಪ್ರತಿ ವರ್ಷ ಫೋನು ಮಾಡುತ್ತಿದ್ದರು. ಆ ವರ್ಷವೂ ಮಾಡಿದರು. ಮಗುವಿಗೆ ಹಾರೈಸಿ, ಆಮೇಲೆ ನನ್ನ ಹತ್ತಿರ, "ಸಾಸ್ಕಿಯಾ, ಒಂದು ಮಾತು ಹೇಳ್ಲಾ? ಬೆಳಿಗ್ಗೆ ಎದ್ದ ತಕ್ಷಣ ಬೂಟಿನೊಳಗೆ ಕೈ ಹಾಕಿ ನೋಡ್ತೀನಿ. ಒಣಗಿದ್ರೆ, ಸದ್ಯ ನನ್ನ ಜನ ಚೆನ್ನಾಗಿದಾರೆ ಅಂತ ನೆಮ್ಮದಿಯಿಂದ ಕೆಲಸಕ್ಕೆ ಹೋಗ್ತೀನಿ. ಇಲ್ಲಿ ಮಾತಾಡೋರೇ ಎಲ್ಲ. ನಾನು ಏನು ಮಾಡಿದೀನಿ ಅಂತ ಯಾರಾದ್ರೂ ಕೇಳಿದ್ರೆ ಆ ಪಂಪು ಅಂತೀನಿ ಕಣೆ," ಎಂದರು.

ನಾನು ನಿಂತಿದ್ದ ಹಲಗೆಯ ಕೆಳಗೆ ನೀರು ಗೋಡೆಗೆ ಮೆಲ್ಲಗೆ ಬಡಿಯುತ್ತಿತ್ತು. "ಹೂಂ ವೀಲ್ಮಕ್ಕ, ಚೆನ್ನಾಗಿದೀವಿ," ಎಂದೆ. ಅಷ್ಟು ಸಂತೋಷದಲ್ಲಿದ್ದವರಿಗೆ ಇನ್ನೇನು ಹೇಳಲಿ?

ಅದಾದ ಸ್ವಲ್ಪ ದಿನಕ್ಕೆ, ಹಳೆಯ ನೀರಿನ ಮಂತ್ರಿ ಕೆಳಗಿಳಿಯುತ್ತಾರೆ, ವೀಲ್ಮಕ್ಕನ ಹೆಸರೇ ಮುಂದಿದೆ ಎಂದು ಪೇಪರಿನಲ್ಲಿ ಬಂತು. ಆ ವಾರವೇ ಒಂದು ದಿನ ಸಂಸತ್ತಿನಲ್ಲಿ ಒಡ್ಡುಗಳ ಚರ್ಚೆ. ಯಾವ ಊರುಗಳ ಒಡ್ಡನ್ನು ಮೊದಲು ಎತ್ತರಿಸಬೇಕು ಎಂದು ಅವತ್ತೇ ತೀರ್ಮಾನ. ಮೈಕೆಗೆ ಕೆಮ್ಮು ಜೋರಾಗಿ ನಾನು ಶೆಡ್ಡಿಗೆ ರಜೆ ಹಾಕಿ ಮನೆಯಲ್ಲೇ ಇದ್ದೆ. ಬೀದಿಯ ಎಲ್ಲ ಮನೆಗಳ ರೇಡಿಯೋಗಳೂ ಒಂದೇ ದನಿಯಲ್ಲಿ ಮಾತಾಡುತ್ತಿದ್ದವು. ವೀಬೆ ಮಾಮ ತನ್ನ ರೇಡಿಯೋ ಕೆಟ್ಟಿದೆಯೆಂದು ನಮ್ಮ ಮನೆಗೆ ಬಂದು, ಹೊಸ ಒಡ್ಡಿನ ಮೇಲೆ ಎಲ್ಲೆಲ್ಲಿ ಬೆಂಚು ಹಾಕಬೇಕೆಂದು ನನಗೆ ವಿವರಿಸುತ್ತಿದ್ದ. ಅಷ್ಟರಲ್ಲಿ ವೀಲ್ಮಕ್ಕನ ದನಿ ಬಂತು.

"ಅಧ್ಯಕ್ಷರೇ, ನನ್ನ ಊರಿನ ಹೆಸರು ಈ ಪಟ್ಟಿಯಲ್ಲಿದೆ. ಅದನ್ನು ತೆಗೆಯಬೇಕೆಂದು ಕೇಳಲು ನಿಂತಿದ್ದೇನೆ. ನಮ್ಮಲ್ಲಿ ತಗ್ಗುಬೀದಿ ಎಂದೊಂದು ಬೀದಿ ಇದೆ. ಹಿಂದೆ ಅಲ್ಲಿ ಮೊಣಕಾಲುದ್ದ ನೀರಿರುತ್ತಿತ್ತು. ವರ್ಷಗಳಿಂದ ಅಲ್ಲಿ ಒಂದು ಹನಿಯೂ ಇಲ್ಲ. ನಾವು ಕಾಯಬಲ್ಲೆವು. ನಮ್ಮ ಪಾಲಿನ ಕಲ್ಲು, ನಮ್ಮ ಪಾಲಿನ ಕೆಲಸಗಾರರು ಉತ್ತರದ ದ್ವೀಪಗಳಿಗೆ ಹೋಗಲಿ."

ಸಭೆ ಮೇಜು ಕುಟ್ಟಿ ಮೆಚ್ಚಿಕೊಂಡಿತು. ವೀಬೆ ಮಾಮನ ಬಾಯಿ ತೆರೆದೇ ಇತ್ತು. "ಏನ್ ಹೇಳ್ತಿದಾಳೆ ಇವಳು?"

"ನಾವು ಹೇಳ್ಕೊಟ್ಟಿದ್ದನ್ನೇ ಹೇಳ್ತಿದಾರೆ ಮಾಮ," ಎಂದೆ.

ಮಂಚದ ಮೇಲೆ ಮೈಕೆಗೆ ಕೆಮ್ಮು ಉಕ್ಕಿ ಬಂತು. ಮುಖ ಕೆಂಪೇರಿತು, ಮಾತು ಹೊರಡಲಿಲ್ಲ. ನೀರು ಬೇಕೆಂದು ಅವಳು ಸುಮ್ಮನೆ ಒಂದು ಕೈ ಮೇಲೆತ್ತಿದಳು. ನಾನು ಲೋಟ ಕೊಟ್ಟೆ, ಬೆನ್ನು ನೀವಿದೆ. ಅವಳ ಕೈ ಕೆಳಗಿಳಿದರೂ ನನ್ನ ಕಣ್ಣಿಂದ ಆ ಕೈ ಇಳಿಯಲಿಲ್ಲ. ಈಜುಕೊಳ, ಬೂಟಿನ ಭಾರ, ದಡದಲ್ಲಿ ಕೋಲು ಹಿಡಿದವರು. ಅಡುಗೆಮನೆಗೆ ಹೋಗಿ ಒಲೆಯ ಸಲಾಕೆ ತಂದು ನೆಲದ ಹಲಗೆಯ ಸಂದಿಗೆ ತೂರಿಸಿದೆ.

"ಏ ಏ, ಏನ್ ಮಾಡ್ತಿದೀಯಾ?" ವೀಬೆ ಮಾಮ ಎದ್ದು ನಿಂತ. "ಈಗ ಅವಳ ಬೂಟು ತುಂಬಿದ್ರೆ ಕಥೆ ಮುಗೀತು. ಎಲ್ಲರೂ ನೋಡ್ತಿದಾರೆ. ಮಂತ್ರಿಗಿರಿ ಹೋಗತ್ತೆ ಕಣೆ!"

"ಹೋಗ್ಲಿ ಮಾಮ. ಅವರು ಮಂತ್ರಿ ಆಗಿ ನಾವು ನೀರಲ್ಲಿ ಮುಳುಗಿ ಹೋದ್ರೆ, ಆಮೇಲೆ ಅವರು ಬದುಕಿರ್ತಾರಾ?"

ನಾನು ಸಲಾಕೆಯ ಮೇಲೆ ಮೈಭಾರ ಹಾಕಿದೆ. ಹಲಗೆ ಅಲುಗಲಿಲ್ಲ, ದೋಣಿ ಮಾಡುವವನು ಹೊಡೆದ ಮೊಳೆ. "ನಾನು ಹೊಡೆದಿದ್ದು ನಿನ್ನ ಕೈಗೆ ಬರಲ್ಲ. ಸರಿ ಆಚೆ," ಎಂದು ಮಂಡಿಯೂರಿ ಸಲಾಕೆ ತೆಗೆದುಕೊಂಡ. ಮೊಳೆಗಳು ಕಿರುಗುಟ್ಟುತ್ತಾ ಎದ್ದವು. ಎರಡು ಹಲಗೆ ಎತ್ತಿದ ಕೂಡಲೇ ಕೆಳಗೆ ಕಪ್ಪು ನೀರು, ಅದರಲ್ಲಿ ಕಿಟಕಿಯ ಬೆಳಕು. ಕಡಲಿನ ವಾಸನೆ ಕೋಣೆಯ ತುಂಬ ಹರಡಿತು.

ರೇಡಿಯೋದಲ್ಲಿ ವೀಲ್ಮಕ್ಕ ಹೇಳುತ್ತಿದ್ದರು: "ಆ ಬೀದಿಯ ಜನ ಇವತ್ತು ನೆಮ್ಮದಿಯಿಂದ—"

ಮಾತು ನಿಂತಿತು. ವೀಬೆ ಮಾಮ ಸಲಾಕೆ ಎದೆಗವಚಿಕೊಂಡು ರೇಡಿಯೋವನ್ನೇ ನೋಡುತ್ತಿದ್ದ. ಆಮೇಲೆ, ದೇಶಕ್ಕೆಲ್ಲ ಕೇಳುವಂತೆ, ಒಂದು ಸದ್ದು: ಚೊಳಕ್.

ಸಭೆಯಲ್ಲಿ ಯಾರೋ ಕಿಸಕ್ಕೆಂದರು. "ಸದಸ್ಯರು ಮುಂದುವರಿಸಬೇಕು," ಎಂದರು ಅಧ್ಯಕ್ಷರು.

"ಅಧ್ಯಕ್ಷರೇ," ಎಂದರು ವೀಲ್ಮಕ್ಕ, "ಈಗ ಹೇಳಿದ್ದನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ನಮ್ಮ ತಗ್ಗುಬೀದಿಯಲ್ಲಿ ನೀರಿದೆ."

"ಅರ್ಧ ಗಳಿಗೆ ಮುಂಚೆ ಹನಿಯೂ ಇಲ್ಲ ಎಂದಿರಿ. ಈಗ ಯಾರು ಬಂದು ಹೇಳಿದರು?" ಎಂದು ಇನ್ನೊಂದು ದನಿ.

"ನನ್ನ ಬೂಟು."

ನಗು ಎಷ್ಟು ಹೊತ್ತು ಇತ್ತೆಂದರೆ ಮೈಕೆ ಕೆಮ್ಮು ಮರೆತು ಎದ್ದು ಕೂತಳು. ಅಷ್ಟರಲ್ಲಿ ನಮ್ಮ ಬೀದಿಯಲ್ಲಿ ಬೇರೊಂದು ಸದ್ದು ಶುರುವಾಗಿತ್ತು. ಪಕ್ಕದ ಮನೆಯಲ್ಲಿ ಮೊಳೆ ಕಿತ್ತ ಸದ್ದು, ಎದುರು ಮನೆಯಲ್ಲಿ ಹಲಗೆ ಬಿದ್ದ ಸದ್ದು. ರೇಡಿಯೋ ಕೇಳಿದವರೆಲ್ಲ ತಮ್ಮ ತಮ್ಮ ನೆಲ ಎತ್ತುತ್ತಿದ್ದರು. ವೀಲ್ಮಕ್ಕನ ಎರಡು ಬೂಟಿನಿಂದಲೂ ನೀರು ಉಕ್ಕಿ ಸಂಸತ್ತಿನ ಜಮಖಾನೆಯ ಮೇಲೆ ಹರಿಯಿತೆಂದು ಮಾರನೆಯ ದಿನದ ಪೇಪರಿನವರು ಬರೆದರು, ಶುಚಿತ್ವದ ಬಗ್ಗೆ ನಾಲ್ಕು ಮಾತು ಸೇರಿಸಿ. ಅವರು ಒಂದು ಬೂಟು ಬಿಚ್ಚಿ, ಕುಡಿಯುವ ನೀರಿನ ಲೋಟಕ್ಕೆ ಸುರಿದು, ಹೋಗಿ ಮಂತ್ರಿಗಳ ಮೇಜಿನ ಮೇಲೆ ಇಟ್ಟರಂತೆ. ಆಗ ಅವರು ಹೇಳಿದ ಮಾತನ್ನು ನಾವು ರೇಡಿಯೋದಲ್ಲೇ ಕೇಳಿದೆವು: "ಬೆರಳದ್ದಿ ನಾಲಿಗೆಗೆ ಮುಟ್ಟಿಸಿ ನೋಡಿ ಸ್ವಾಮಿ. ಇದು ಮಳೆ ನೀರಾ, ಕಡಲಾ?"

ಮಂತ್ರಿಗಳು ಬೆರಳದ್ದಿದರು. ನಾಲಿಗೆಗೆ ಮುಟ್ಟಿಸಿ "ಉಪ್ಪು" ಎಂದರು. ನಗು ನಿಂತಿತು.

ಆ ದಿನ ಕತ್ತಲಾಗುವ ಮುನ್ನ ರೈಲಿಳಿದು ವೀಲ್ಮಕ್ಕ ನೇರ ನಮ್ಮ ಬಾಗಿಲಿಗೆ ಬಂದರು. ಕೈಯಲ್ಲಿ ಬೂಟು. ಅದನ್ನು ತೋರಿಸಿ 'ಇದು ನಿಮ್ಮನೇದಾ' ಎಂದು ಈ ಸಲ ಕೇಳಲಿಲ್ಲ. ತೆರೆದ ನೆಲ ನೋಡಿದರು, ಮೈಕೆಯ ಹಣೆ ಮುಟ್ಟಿ ನೋಡಿದರು, ಮೂಲೆಯಲ್ಲಿ ಸಲಾಕೆ ಹಿಡಿದು ನಿಂತಿದ್ದ ವೀಬೆ ಮಾಮನನ್ನು ನೋಡಿದರು.

"ನನ್ನ ಕಾಲು ಒಣಗಿರ್ಲಿ ಅಂತ ನೀವೆಲ್ಲ ನೀರಿನ ಮೇಲೆ ಮಲಗಿದ್ರಾ?"

ವೀಬೆ ಮಾಮ ಸಲಾಕೆಯನ್ನು ಗೋಡೆಗೆ ಒರಗಿಸಿದ.

"ವೀಬೆ ಮಾಮ, ಎಷ್ಟು ವರ್ಷದಿಂದ?"

"ನಿನಗೆ ಏನಾದ್ರೂ ಕೊಡಬೇಕು ಅನ್ನಿಸ್ತಮ್ಮ," ಎಂದ ಅವನು. ಬಾಗಿಲಲ್ಲಿ ಕೂತು ಕೆಣಕುವ ದನಿ ಎಲ್ಲೋ ಹೋಗಿತ್ತು.

ವೀಲ್ಮಕ್ಕ ನನ್ನ ಕಡೆ ತಿರುಗಿದರು. ಕಣ್ಣು ತುಂಬಿತ್ತು, ದನಿ ಮಾತ್ರ ಈಜುಕೊಳದ ದಡದ್ದೇ. "ಸಾಸ್ಕಿಯಾ, ನಾನು ಮೊದಲ ದಿನ ಏನು ಹೇಳಿಕೊಟ್ಟಿದ್ದೆ?"

"ಕೈ ಎತ್ತಬೇಕು ಅಂತ."

"ಮತ್ತೆ?"

"ಇವತ್ತು ಎತ್ತಿದೆ ವೀಲ್ಮಕ್ಕ. ನಿಮ್ಮ ಮಂತ್ರಿಗಿರಿ..."

"ಸುಮ್ನಿರು," ಎಂದರು. ಆಮೇಲೆ ಅವತ್ತಿನಂತೆಯೇ ಬೆನ್ನು ತಟ್ಟಿದರು. "ತಡ ಮಾಡಿದೆ. 'ಸರಿಯಾದ ಹೊತ್ತಿಗೆ' ಅನ್ನಲ್ಲ. ಆದ್ರೆ ಎತ್ತಿದೆ."

ಮಂತ್ರಿ ಪದವಿ ಬೇರೆಯವರಿಗೆ ಹೋಯಿತು. ನಮ್ಮೂರಿನ ಹೆಸರು ಪಟ್ಟಿಯಲ್ಲಿ ಉಳಿಯಿತು, ಆದರೆ ದ್ವೀಪಗಳ ನಂತರ. "ಅವರು ನಮಗಿಂತ ಒದ್ದೆ ಇದಾರೆ, ಅದು ಸುಳ್ಳಲ್ಲವಲ್ಲ," ಎಂದು ವೀಲ್ಮಕ್ಕನೇ ಅಂದರು. ಅಲ್ಲಿಯವರೆಗೆ ಹಳೆಯ ಪಂಪನ್ನು ದುರಸ್ತಿ ಮಾಡಿಸಿ ತಗ್ಗುಬೀದಿಯ ಮನೆಗಳಿಂದ ನೀರು ಇಳಿಸಿದರು. ಆ ಚಳಿಗಾಲವಿಡೀ ಮೈಕೆ ಒಡ್ಡಿನ ಮೇಲಿದ್ದ ಅವರ ಮನೆಯಲ್ಲಿ ಮಲಗಿದಳು. ಅವರು ಸಂಸತ್ತಿಗೆ ಹೋದ ದಿನ ಬೀಗದ ಕೈ ನನ್ನ ಹತ್ತಿರವೇ ಇರುತ್ತಿತ್ತು. ಕೆಮ್ಮು ಮೆಲ್ಲಗೆ ಇಳಿಯಿತು. ನಾನು ಶೆಡ್ಡಿನಿಂದ ಬಂದು, ಆ ಒಣಗಿದ ಮನೆಯಲ್ಲಿ ಮಗಳು ಉಸಿರಾಡುವುದನ್ನು ಸುಮ್ಮನೆ ಕೇಳುತ್ತಾ ಕೂರುತ್ತಿದ್ದೆ. ಒಂದು ದಿನ ಅವರು ಬಂದಿದ್ದಾಗ ಉಪಕಾರ ಎನ್ನಲು ಮತ್ತೆ ಬಾಯಿ ತೆರೆದೆ. "ನಿನಗೋಸ್ಕರ ಅಲ್ಲ ಕಣೆ," ಎಂದರು, "ಮನೆಯಲ್ಲಿ ಮಗು ಇದ್ರೆ ಇಲಿ ಬರಲ್ಲ."

ಪಕ್ಷದವರು ಮುಂದಿನ ಚುನಾವಣೆಗೆ ಅವರನ್ನು ನಿಲ್ಲಿಸಲಿಲ್ಲ. ಆದರೆ ನಮ್ಮ ಹಳೆಯ ಮೇಯರ್ ನಿವೃತ್ತರಾದಾಗ ನಗರಸಭೆ ಒಂದೇ ದನಿಯಲ್ಲಿ ವೀಲ್ಮಕ್ಕನ ಹೆಸರು ಕಳಿಸಿತು. ನಮ್ಮಲ್ಲಿ ಮೇಯರನ್ನು ಜನ ಆರಿಸುವುದಿಲ್ಲ. ಅರಮನೆಯ ಮುದ್ರೆ ಬಿದ್ದ ನೇಮಕ ಬರುತ್ತದೆ. ಹಳೆಯ ಮೇಯರರೆಲ್ಲ ಬೂಟು ಬಿಟ್ಟು ಬಟ್ಟೆಯ ಚಪ್ಪಲಿ ಹಾಕಿಯೇ ಕಾಲ ಕಳೆದಿದ್ದರಿಂದ, ನೇಮಕವಾದವರ ಬೂಟಿಗೆ ನೀರು ಬರುತ್ತದೋ ಇಲ್ಲವೋ ಯಾರಿಗೂ ಗೊತ್ತಿರಲಿಲ್ಲ. ಪ್ರಮಾಣವಚನದ ದಿನ ಊರಿಗೆ ಊರೇ ಸಭಾಂಗಣದಲ್ಲಿ ಅವರ ಕಾಲನ್ನೇ ನೋಡುತ್ತಿತ್ತು. ವೀಲ್ಮಕ್ಕ ಮೇಯರ್ ಪದವಿಯ ಸರಪಳಿಯನ್ನು ಕೊರಳಿಗೆ ಹಾಕಿಕೊಂಡರು, ಕೈ ಎತ್ತಿ ಪ್ರಮಾಣ ಮಾಡಿದರು, ಅಷ್ಟರಲ್ಲಿ ಎರಡು ಬೂಟಿನಿಂದಲೂ ನೀರು ಉಕ್ಕಿತು. ಜನ ಕೂಗಿ, ಶಿಳ್ಳೆ ಹೊಡೆದು, ಟೋಪಿ ಎಸೆದರು. ವೀಲ್ಮಕ್ಕ ಬಗ್ಗಿ ಒಂದು ಬೂಟು ಬಿಚ್ಚಿ ಮೂಸಿ ನೋಡಿದರು.

"ಇದು ತಾನಾಗೇ ನುಗ್ಗಿದ ನೀರಲ್ಲ. ವೀಬೆ ಮಾಮ ಎಲ್ಲಿ?"

ವೀಬೆ ಮಾಮ ಸಭೆಗೆ ಬಂದೇ ಇರಲಿಲ್ಲ. ಹಲಗೆ ಕಿತ್ತ ತನ್ನ ಅಡುಗೆಮನೆಯ ನೆಲಕ್ಕೆ ಕಾಲುವೆಯಿಂದ ಬಕೆಟು ಬಕೆಟು ನೀರು ತಂದು ಸುರಿಯುತ್ತಿದ್ದ. "ಅರಮನೆ ಕಾಗದದ ಮೇಲೆ ನನಗೆ ನಂಬಿಕೆ ಇರ್ಲಿಲ್ಲ," ಎಂದ ಆಮೇಲೆ. "ಒಂದು ಸಲ ಪರೀಕ್ಷೆ ಮಾಡೋದು ಒಳ್ಳೇದಲ್ವಾ? ಸೋಪೂ ಹಾಕಿದ್ದೆ."

ಅವರು ಮೇಯರ್ ಆಗಿದ್ದಾಗಲೇ ದ್ವೀಪಗಳ ಕೆಲಸ ಮುಗಿದು ನಮ್ಮ ಸರದಿ ಬಂತು. ಕಲ್ಲು ತುಂಬಿದ ದೋಣಿಗಳು ಬಂದವು. ಹೊಸ ಒಡ್ಡು ಎದ್ದಿತು. ತಗ್ಗುಬೀದಿಗೆ ಎರಡು ಹೊಸ ಪಂಪುಗಳು. ಕಿತ್ತ ಹಲಗೆಗಳನ್ನೆಲ್ಲ ಸೇರಿಸಿ ವೀಬೆ ಮಾಮ ಒಡ್ಡಿನ ಮೇಲೆ ಬೆಂಚುಗಳನ್ನು ಮಾಡಿದ, ಹಿಂದೆಯೇ ನನಗೆ ತೋರಿಸಿದ್ದ ಜಾಗಗಳಲ್ಲಿ. ಮೈಕೆ ಈಗ ನನಗಿಂತ ಎತ್ತರ. ಶನಿವಾರ ಶಾಲೆ ಇಲ್ಲದಾಗ ಈಜುಕೊಳದಲ್ಲಿ ಕೋಲು ಹಿಡಿದು ನಿಲ್ಲುತ್ತಾಳೆ. ಮಕ್ಕಳಿಗೆ ಅವಳು ಮೊದಲು ಏನು ಹೇಳುತ್ತಾಳೆಂದು ನಾನು ಬರೆಯಬೇಕಾಗಿಲ್ಲ. ನಾನು ಇನ್ನೂ ಶೆಡ್ಡಿನಲ್ಲೇ ಇದ್ದೇನೆ. ಬರೆಯಲು ಸಿಗುವುದು ಪಾತ್ರೆ ತೊಳೆದಾದ ಮೇಲಿನ ಈ ಹೊತ್ತು ಮಾತ್ರ. ಬೆರಳಿಗೆ ಮೀನಿನ ವಾಸನೆ, ಕಣ್ಣಿಗೆ ನಿದ್ದೆ. ಆದರೂ ಮೊನ್ನೆ, ನಿನ್ನೆಯದನ್ನು ಬರೆಯದೆ ಮಲಗಲು ಮನಸ್ಸಾಗುತ್ತಿಲ್ಲ.

ಮೊನ್ನೆ ವೀಲ್ಮಕ್ಕ ನಿವೃತ್ತರಾದರು. ಭಾಷಣಗಳಾದವು, ಹೂವಾಯಿತು, ಸರಪಳಿಯನ್ನು ಹೊಸಬರ ಕೊರಳಿಗೆ ಹಾಕಿದರು. ಅಲ್ಲಿಗೆ ಅವರ ಬೂಟಿನ ನೀರು ಮುಗಿಯಿತು. ಇನ್ನು ಯಾರ ಮನೆಗೆ ಏನಾದರೂ ಅವರ ಕಾಲಿಗೆ ತಿಳಿಯುವುದಿಲ್ಲ. ನಿನ್ನೆ ನಾನು ಕೆಲಸದಿಂದ ಬಂದು ಒಲೆಯ ಮೇಲೆ ಕಾಫಿಗೆ ನೀರಿಟ್ಟಿದ್ದೆ. ಬಾಗಿಲು ಬಡಿದ ಸದ್ದು. ತೆರೆದರೆ ವೀಲ್ಮಕ್ಕ. ಒಂದು ಕಾಲಲ್ಲಿ ಬೂಟು, ಇನ್ನೊಂದರಲ್ಲಿ ಬರೀ ಕಾಲುಚೀಲ. ಕೈಯಲ್ಲಿ ಇನ್ನೊಂದು ಬೂಟು, ತುಂಬಿದ್ದರೆ ಹೇಗೋ ಹಾಗೆ ಅಲುಗಿಸದೆ ಹಿಡಿದುಕೊಂಡಿದ್ದರು. ಬಗ್ಗಿ ನೋಡಿದೆ. ಒಳಗೆ ಏನೂ ಇರಲಿಲ್ಲ.

"ಬೆಳಿಗ್ಗೆಯಿಂದ ಕಾದೆ ಸಾಸ್ಕಿಯಾ. ಏನೂ ಬರ್ಲಿಲ್ಲ. ಯಾರ ಮನೆಗೆ ಹೋಗ್ಬೇಕು ಅಂತಾನೇ ತಿಳೀಲಿಲ್ಲ."

"ಅದಕ್ಕೆ ಇಲ್ಲಿಗೆ ಬಂದ್ರಾ?"

"ಹೂಂ," ಎಂದರು. ಬಾಗಿಲಲ್ಲಿ ನಿಂತು ಬೂಟನ್ನು ಒಮ್ಮೆ ಬಗ್ಗಿಸಿ ಕೊಡವಿದರು, ಅಭ್ಯಾಸಕ್ಕೆ.

ಒಳಗೆ ಕರೆದು ಕೂರಿಸಿದೆ. ಕಾಫಿ ಬಗ್ಗಿಸಿದೆ. ಬಿಸ್ಕತ್ತಿನ ಡಬ್ಬಿ ತೆರೆದು ಮುಂದಿಟ್ಟೆ. ಅವರು ಒಂದು ತೆಗೆದುಕೊಂಡು, ನಾನು ಮುಚ್ಚಳ ಹಾಕಲೆಂದು ಕೈ ಹಿಂದಕ್ಕೆ ಸರಿಸಿದರು. ನಾನು ಮುಚ್ಚಳವನ್ನು ಎತ್ತಿಕೊಂಡು ಹೋಗಿ ಒಲೆಯ ಪಕ್ಕದ ಗೂಡಿನಲ್ಲಿ ಇಟ್ಟು ಬಂದೆ. ವೀಲ್ಮಕ್ಕ ತೆರೆದ ಡಬ್ಬಿಯನ್ನು ನೋಡಿದರು, ನನ್ನನ್ನು ನೋಡಿದರು, ಕಾಫಿಯನ್ನು ಎರಡು ಗುಟುಕು ಕುಡಿದರು. ಆಮೇಲೆ ಕೈ ಚಾಚಿ ಎರಡನೆಯ ಬಿಸ್ಕತ್ತು ತೆಗೆದುಕೊಂಡರು.